ಇಳಿಜಾರಿನಲ್ಲಿ ಸಮಚಿತ್ತ

"ಇವತ್ತಿಂದ ಆಕಾಶ ಕಳಚಿ ಬಿದ್ರೂ ನನ್ನ ಎದೆ ಒಂದು ಹೊಡ್ತ ಜಾಸ್ತಿ ಹೊಡಿಯಲ್ಲ, ನೋಡ್ತಿರು!" ಎಂದು ಶಫಿ ಹೆಂಡತಿಯ ಮುಂದೆ ಘೋಷಿಸಿದ.

ಅಕ್ಕಿ ಆರಿಸುತ್ತಿದ್ದ ನೂರುನ್ನೀಸಾ ತಲೆ ಎತ್ತಲಿಲ್ಲ. "ಮೊದ್ಲು ಚಪ್ಲಿ ಹೊರಗೆ ಬಿಡ್ರೀ" ಎಂದಳು.

ಯಸಳೂರಿನಿಂದ ಹೊಂಗಡಹಳ್ಳದ ಎಸ್ಟೇಟುಗಳಿಗೆ ಜೀಪಿನಲ್ಲಿ ಆಳುಗಳನ್ನು ಕರೆದೊಯ್ಯುವ ಶಫಿಗೆ ಚಿಂತೆ ಮಾಡಲು ಕಾರಣವೇ ಬೇಕಿರಲಿಲ್ಲ. ಆನೆ ಅಡ್ಡ ಬಂದರೆ? ತಿರುವಿನಲ್ಲಿ ಟೈರು ಸಿಡಿದರೆ? ಎರಡೂ ಆಗದ ದಿನ, ಯಾಕೆ ಆಗಲಿಲ್ಲ ಎಂಬ ಚಿಂತೆ! ಆರು ತಿಂಗಳಿಂದ ಎದೆ ಢವಢವ, ಅಂಗೈ ಒದ್ದೆ, ತುತ್ತು ಗಂಟಲಲ್ಲಿ ಇಳಿಯದು. ನಗುವುದನ್ನಂತೂ ಮರೆತೇಬಿಟ್ಟಿದ್ದ. ಸಕಲೇಶಪುರದ ಡಾಕ್ಟರ್ ಚೈತ್ರಶ್ರೀ ಇಸಿಜಿ ನೋಡಿ, "ಹೃದಯ ಗಟ್ಟಿಯಾಗಿದೆ. ಇದು ಆತಂಕ. ಮಾತ್ರೆ ಜೊತೆಗೆ ದಿನಾ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಉಸಿರನ್ನು ಗಮನಿಸಿ. ಶಬ್ದ ಬಂದರೆ ಬರಲಿ, ಯೋಚನೆ ಬಂದರೆ ಬರಲಿ, ಅದರ ಹಿಂದೆ ಓಡಬೇಡಿ. ನಿಮ್ಮ ಮನಸ್ಸಿಗೊಂದು ಬ್ರೇಕ್ ಬೇಕು" ಎಂದಿದ್ದರು.

ಮನಸ್ಸಿಗೆ ಸರಿ. ಜೀಪಿಗೆ?

ಒಳಗೆ ಕೂತರೆ ಮಿಕ್ಸಿ, ಹಿತ್ತಲಲ್ಲಿ ಕೂತರೆ ಕೋಳಿ. ಹಾಗಾಗಿ ಶಫಿ ಮನೆ ಮುಂದಿನ ಇಳಿಜಾರಿನಲ್ಲಿ ನಿಂತಿದ್ದ ಜೀಪನ್ನೇ ತನ್ನ ತಪೋವನ ಮಾಡಿಕೊಂಡ. ಅದರ ಹ್ಯಾಂಡ್‌ಬ್ರೇಕ್ ಕೆಟ್ಟು ವರ್ಷವಾಗಿತ್ತು, ಗೇರಿನಲ್ಲಿ ನಿಲ್ಲಿಸುತ್ತಿದ್ದ ಅಷ್ಟೆ. ಡ್ರೈವರ್ ಸೀಟಿನಲ್ಲಿ ಹರಸಾಹಸ ಮಾಡಿ ಚಕ್ಕಳಮಕ್ಕಳ ಹಾಕುವಾಗ ಮೊಣಕಾಲು ತಾಗಿ ಗೇರು ನ್ಯೂಟ್ರಲ್ಲಿಗೆ ಬಂದದ್ದು ಮಹಾತ್ಮನಿಗೆ ತಿಳಿಯಲಿಲ್ಲ.

ಉಸಿರು ಒಳಗೆ, ಉಸಿರು ಹೊರಗೆ. ಆಹಾ! ಮೈ ಹಗುರಾಯಿತು. ಕೆನ್ನೆಗೆ ತಂಗಾಳಿ ಸವರಿತು. ತೇಲುತ್ತಿದ್ದೇನೆ ಅನ್ನಿಸಿತು. ಎರಡೇ ನಿಮಿಷದಲ್ಲಿ ಇಷ್ಟು ಪ್ರಗತಿಯೇ!

"ರೀ! ಜೀಪು ಹೋಗ್ತಾ ಐತೆ! ಕಣ್ಣು ಬಿಡ್ರೀ!"

ಶಬ್ದ ಬಂದಿದೆ, ಬರಲಿ ಎಂದುಕೊಂಡ ಶಫಿ.

"ಬ್ರೇಕ್ ತುಳೀರೀ!"

ಇದೂ ಬರಲಿ.

"ನಿಮ್ಮ ಧ್ಯಾನಕ್ಕಿಷ್ಟು ಬೆಂಕಿ ಹಾಕ!"

ಇದು ದಿನಾ ಬರುವುದೇ.

ದಡಾರ್! ಜೀಪು ಪಕ್ಕದ ಮನೆ ಕಮಲಮ್ಮನ ಬೇಲಿ ಮುರಿದು ತಿಪ್ಪೆಗೆ ಮೂತಿ ತೂರಿಸಿ ನಿಂತಿತು. ಶಫಿ ಕಣ್ಣು ಬಿಟ್ಟ. ಎದುರಿಗೆ ಎಮ್ಮೆಯೊಂದು ಮೆಲುಕು ಹಾಕುತ್ತ ಅವನನ್ನೇ ನೋಡುತ್ತಿತ್ತು. ಸಮಚಿತ್ತ ಎಂದರೆ ಅದು!

"ಗೊಬ್ರ ಬೇಕಿದ್ರೆ ಬುಟ್ಟಿ ತರೋದಲ್ವಾ ಶಫಿಯಣ್ಣ?" ಎಂದಳು ಕಮಲಮ್ಮ. "ಜೀಪ್ನೇ ನುಗ್ಸ್‌ಬುಟ್ರಲ್ಲ!"

ಶಫಿ ಎದೆ ಮುಟ್ಟಿ ನೋಡಿಕೊಂಡ. ಮತ್ತೊಮ್ಮೆ ಮುಟ್ಟಿದ. "ನೂರೂ, ಎದೆ ಢವಢವ ಹೊಡ್ಕೊಳ್ತಾ ಇಲ್ಲ ಕಣೇ!" ಎಂದವನಿಗೆ ನಗು ಉಕ್ಕಿತು. ಆರು ತಿಂಗಳ ಬಾಕಿಯೆಲ್ಲ ಒಟ್ಟಿಗೇ ಬಂದಂತೆ ಸ್ಟಿಯರಿಂಗ್ ಹಿಡಿದು ನಕ್ಕ.

ಏದುಸಿರು ಬಿಡುತ್ತ ಬಂದ ನೂರುನ್ನೀಸಾ ಮೊದಲು ಅವನ ಕೈಕಾಲು, ತಲೆ ಎಲ್ಲ ಮುಟ್ಟಿ ನೋಡಿದಳು. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಬೈಗುಳ ಶುರುಮಾಡಿದ್ದು. ಬೈದು ಮುಗಿಸಿ ಎದೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು.

ಮರುದಿನ ಡಾಕ್ಟರ ಮುಂದಿನ ಕುರ್ಚಿಯಲ್ಲಿ ಅವಳು, ಹಿಂದೆ ತಲೆ ತಗ್ಗಿಸಿ ನಿಂತವನು ಶಫಿ.

"ಗಾಬರಿ ಅಷ್ಟೇ ಕಣಮ್ಮ" ಎಂದರು ಡಾಕ್ಟರು. "ನೀವೂ ದಿನಾ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತ್ಕೊಳ್ಳಿ."

"ಅದೆಂಗಾಯ್ತದೆ ಡಾಕ್ಟ್ರೇ?" ಎಂದಳು ನೂರುನ್ನೀಸಾ. "ನಾನೂ ಕಣ್ಣು ಮುಚ್ಕೊಂಡ್ರೆ, ಇವ್ರು ಎತ್ಲಾಗೆ ಹೊಂಟ್ರು ಅಂತ ನೋಡೋರ್ಯಾರು?"