ಸಾರು ಆರಿಸುವ ಪ್ರಾರ್ಥನೆ

ನಮ್ಮ ದೊಡ್ಡ ಮಾವನ ಮನೆಯಲ್ಲಿ ಬಿಸಿ ಸಾರು ಉಂಡವರು ಯಾರಾದರೂ ಇದ್ದರೆ ಮುಂದೆ ಬನ್ನಿ, ನಾನು ಕೈಮುಗಿಯುತ್ತೇನೆ! ಅತ್ತೆಯೇನೋ ಕುದಿಯುವ ಸಾರನ್ನೇ ತಂದಿಡುತ್ತಾರೆ. ಅದನ್ನು ಆರಿಸುವುದು ಮಾವನ ಪ್ರಾರ್ಥನೆ.

ಪ್ರಾರ್ಥನೆ ಉದ್ದವೇ? ಇಲ್ಲ. ಚರ್ಚಿನಲ್ಲಿ ಎಲ್ಲರೂ ಹೇಳುವ ಕರ್ತನ ಪ್ರಾರ್ಥನೆಯೇ. ಅದರ ನಡುವೆ ಬೇರೆಯವರ ತಪ್ಪನ್ನು ಕ್ಷಮಿಸಿದ್ದೇವೆ ಎಂದು ದೇವರೆದುರು ಹೇಳುವ ಸಾಲೊಂದು ಬರುತ್ತದಲ್ಲ, ಅಲ್ಲಿಗೆ ಬಂದ ಕೂಡಲೇ ಮಾವ ಬ್ರೇಕ್ ಹಾಕಿ ಒಂದು ಕಣ್ಣು ತೆರೆಯುತ್ತಾರೆ. ಚಾಪೆಯ ಮೇಲೆ ಕುಳಿತವರಲ್ಲಿ ಯಾರು ಯಾರ ಮೇಲೆ ಮುಖ ಊದಿಸಿಕೊಂಡಿದ್ದಾರೆ ಎಂಬ ತನಿಖೆ! ಅವರು ರಾಜಿಯಾಗುವ ತನಕ ಪ್ರಾರ್ಥನೆ ಮುಂದೆ ಹೋಗದು. ಆಮೆನ್ ಇಲ್ಲದೆ ತುತ್ತು ಎತ್ತುವ ಹಾಗಿಲ್ಲ.

"ದೇವರ ಮುಂದ ಸುಳ್ಳು ಹೇಳಿ ಉಣಬಾರದು ಅಂತ ನಮ್ಮಪ್ಪ ಕಲಿಸ್ಯಾನ," ಎನ್ನುತ್ತಾರೆ. "ಇದೊಂದು ಖರೇ ಆತಂದ್ರ ಉಳಿದದ್ದೆಲ್ಲಾ ಖರೇ ಆಗತೈತಿ."

ಕಾಲೇಜಿಗೆಂದು ನಾನು ಮಹಾಂತೇಶ ನಗರದ ಅವರ ಮನೆಯಲ್ಲಿದ್ದೆ. ಒಮ್ಮೆ ಮಾವನ ಮಗಳಿಗೂ ನನಗೂ ಫೋನ್ ಚಾರ್ಜರಿಗಾಗಿ ಜಗಳವಾಯಿತು. ಕೋಳಿ ಸಾರು ಕೆನೆಗಟ್ಟುವುದನ್ನು ನೋಡಲಾರದೆ ನಾನೇ ಸೋತೆ. "ತಪ್ಪಾತು, ಚಾರ್ಜರ್ ಅಕೀನ ಇಟ್ಕೊಳ್ಳಲಿ."

"ಇದು ಹೊಟ್ಟಿ ಮಾತು. ಮನಸು ಮಾತಾಡ್ಲಿ," ಎಂದರು ಮಾವ. ಮನಸ್ಸಿಗೆ ಇನ್ನೂ ಬಹಳ ಹೊತ್ತು ಬೇಕಾಯಿತು!

ಇನ್ನೊಮ್ಮೆ ಪಕ್ಕದ ಮನೆಯ ಗೌಡರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಊಟಕ್ಕೆ ಬಂದರು. ಅವರಿಗಾಗಿ ಅತ್ತೆ ಎಣ್ಣೆಗಾಯಿ ಮಾಡಿದ್ದರು. ಪ್ರಾರ್ಥನೆ ಗಕ್ಕನೆ ನಿಂತಿತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಗೌಡ್ರ, ಮುಂಜಾನೆ ನಮ್ಮ ಗೇಟಿನ ಮುಂದ ನಿಮ್ಮ ಕಾರ್ ನಿಂತಿತ್ತು. ಮನಸಿನ್ಯಾಗ ನಿಮ್ಮನ್ನ ಬೈದೇನಿ. ಕ್ಷಮಿಸ್ರಿ," ಎಂದರು ಮಾವ.

"ಅಯ್ಯ, ಇನ್ನೂ ಎರಡು ಸಲ ಬೈರಿ! ಮೊದಲ ರೊಟ್ಟಿ ಮುರಿಯಾಕ ಬಿಡ್ರಿ!"

ಇಂಥ ಮಾವ ಗುಂಜಿ ಎಂಬ ಊರಿನಲ್ಲಿರುವ ಸ್ವಂತ ತಮ್ಮನ ಜೊತೆ ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದರು ಎಂದರೆ ನಂಬುತ್ತೀರಾ? ಸಣ್ಣ ಮಾವ ಮಗನ ಲಗ್ನಪತ್ರಿಕೆಯಲ್ಲಿ ಅಣ್ಣನ ಹೆಸರು ಹಾಕಿಸಲು ಮರೆತಿದ್ದರು. ತಪ್ಪೊಪ್ಪಿಕೊಳ್ಳಲು ಬಂದಾಗ ಮಾವ ಬಾಗಿಲು ತೆಗೆಯಲಿಲ್ಲ. ಆಮೇಲೆ ಅವರೂ ಬಿಗಿದುಕೊಂಡರು. ಹಬ್ಬ ಬಂತೆಂದರೆ ಯಾವ ಮನೆಗೆ ಹೋಗುವುದು ಎಂದು ನನ್ನ ಅವ್ವ ಅಳುತ್ತ ಕೂಡುತ್ತಿದ್ದಳು. ಇಬ್ಬರಿಗೂ ಅವಳೊಬ್ಬಳೇ ಒಡಹುಟ್ಟಿದವಳು.

"ಮತ್ತ ಆ ಸಾಲು ಹೆಂಗ ದಾಟತೀರಿ ಮಾಮಾ?" ಎಂದು ಕೇಳಿದ್ದೆ.

"ಕಾನೂನು ಚಾಪಿ ಮ್ಯಾಲ ಕುಂತವರಿಗಷ್ಟ. ಅಂವ ಇಲ್ಲೆಲ್ಲಿ ಕುಂತಾನ?" ವಕೀಲರೂ ಸೋಲಬೇಕು!

ಈ ಸಲದ ಈಸ್ಟರ್ ದಿನ ಚರ್ಚಿನಿಂದ ಬಂದು ಊಟಕ್ಕೆ ಕುಳಿತೆವು. ಅವ್ವನೂ ಬಂದಿದ್ದಳು. ಅತ್ತೆ ಚಾಪೆಯ ಮೇಲೆ ಒಂದು ತಾಟು ಹೆಚ್ಚಿಗೆ ಇಟ್ಟು ಅನ್ನ, ಸಾರು ಬಡಿಸಿದರು.

"ಇದ್ಯಾರದು?" ಎಂದರು ಮಾವ.

"ಗುಂಜಿ ಮೈದುನಂದು. ಈಗ ಅಂವ ಚಾಪಿ ಮ್ಯಾಲ ಅದಾನ್ರಿ. ಹೂಂ, ಪ್ರಾರ್ಥನಿ ಸುರು ಮಾಡ್ರಿ."

ಮಾವ ಶುರು ಮಾಡಿದರು. ಆ ಸಾಲಿಗೆ ಬಂದು ನಿಂತರು. ಈ ಸಲ ಕಣ್ಣು ತೆರೆಯಲಿಲ್ಲ. ಸಾರು ಆರಿತು, ಅನ್ನ ಆರಿತು. ಕೊನೆಗೆ ನನ್ನತ್ತ ಕೈ ಚಾಚಿ, "ಅವಂಗ ಫೋನ್ ಹಚ್ಚು," ಎಂದರು.

ಸ್ಪೀಕರಿನಲ್ಲಿ ಸಣ್ಣ ಮಾವ 'ಹಲೋ' ಎಂದರು. ಮಾವ ಫೋನಿನತ್ತ ಬಾಗಿದರು.

"ತಮ್ಮಾ... ಉಂಡ್ಯೇನೋ?"

"ಇಲ್ಲೋ ಅಣ್ಣಾ. ನಿನ್ನ ಹೆಸರ್ಲೆ ತಾಟು ಬಡಿಸಿ ಕುಂತಾಳ ಇಕಿ. ಪ್ರಾರ್ಥನಿ ಅಲ್ಲೇ ನಿಂತೈತಿ, ಮುಂದ ಹೋಗವಲ್ದು."

ನಾನು ಅತ್ತೆಯ ಮುಖ ನೋಡಿದೆ. ಅವರು ಬಹಳ ಆಸಕ್ತಿಯಿಂದ ಸೌಟು ನೋಡುತ್ತಿದ್ದರು. ಅತ್ತೆ, ಸಣ್ಣ ಅತ್ತೆ ನೆಗೆಣ್ಣಿಯರಿಬ್ಬರೂ ಮುಂಜಾನೆಯೇ ಮಾತಾಡಿಕೊಂಡಿದ್ದರು!

"ಅವತ್ತ ಬಾಗಲಾ ತೆಗೀಲಿಲ್ಲ. ತಪ್ಪಾತೋ ತಮ್ಮಾ," ಎಂದರು ಮಾವ. ಆಚೆಯಿಂದ ಅಳು ಕೇಳಿಸಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಉಳಿದ ಪ್ರಾರ್ಥನೆಯನ್ನು ಅಣ್ಣತಮ್ಮಂದಿರು ಕೂಡಿಯೇ ಮುಗಿಸಿದರು.

ಅತ್ತೆ ಸಾರು ಬಿಸಿ ಮಾಡಲು ಎದ್ದರು.

"ಇರಲಿ ಬಿಡ, ಹಿಂಗ ಛಲೋ ಐತಿ," ಎಂದ ಮಾವ ತಮ್ಮನ ತಾಟನ್ನೇ ಹತ್ತಿರಕ್ಕೆ ಎಳೆದುಕೊಂಡು, ಕಣ್ಣೊರೆಸಿಕೊಳ್ಳುತ್ತ ಆ ತಣ್ಣನೆಯ ಅನ್ನ ಕಲಸತೊಡಗಿದರು.