ನಲವತ್ತು ಗ್ರಾಮ್ ಬಿಳಿ ಪುಡಿ

ಶುಕ್ರವಾರ ಬೆಳಿಗ್ಗೆ ಆರ್ವಲ್ ಪಿಂಕ್ನಿ ಬೀರು ತೆರೆದರೆ ಪುಡಿಯ ಬಾಟಲಿ ಖಾಲಿ.

ಲಾಸ್ ಕ್ರೂಸೆಸ್ ಊರಿನ ಆ ಪ್ರಯೋಗಾಲಯದಲ್ಲಿ ಪಾಚಿಯಿಂದ ಎಣ್ಣೆ ತೆಗೆಯುತ್ತಿದ್ದರು. ಬರೀ ಪಾಚಿ ಕಾಯಿಸಿದರೆ ಬರುವುದು ಸತ್ತ ಮೀನಿನ ನಾತದ ಕರಿ ಡಾಂಬರು. ಅದರ ಆವಿಯನ್ನು ವೇಗವರ್ಧಕದ, ಅಂದರೆ ನಾತ ಹೀರುವ ಒಂದು ಜಾತಿಯ ಕಲ್ಲಿನ, ಪುಡಿಯೊಳಗೆ ಹಾಯಿಸಿದರೆ ಮಾತ್ರ ತಿಳಿ ಎಣ್ಣೆ. ಆ ಪುಡಿ ತಯಾರಿಸುವುದೇ ಆರ್ವಲ್‌ನ ನೌಕರಿ. ಎಂಟು ತಿಂಗಳು ಒದ್ದಾಡಿ ನಲವತ್ತು ಗ್ರಾಮ್ ಮಾಡಿದ್ದ. ಇವತ್ತು ಹನ್ನೆರಡಕ್ಕೆ ಕಂಪನಿಯ ದೊಡ್ಡವರು ನೋಡಲು ಬರುತ್ತಾರೆ. ಎಣ್ಣೆ ಕೊಳಕಾದರೆ ನೌಕರಿಗೆ ಎಳ್ಳುನೀರು ಬಿಟ್ಟಂತೆ.

"ಡೊಲೊರೆಸ್, ನನ್ನ ಪುಡಿ ನೋಡಿದ್ರಾ?"

ಕಚೇರಿಯ ಉಸ್ತುವಾರಿ ಡೊಲೊರೆಸ್ ತಲೆಯನ್ನೂ ಎತ್ತಲಿಲ್ಲ. "ಅದಾ? ನೀನಿಟ್ಟ ಪಾಚಿಯ ನಾತಕ್ಕೆ ಫ್ರಿಜ್ ಬಾಗ್ಲು ತೆಗೆಯೋಕಾಗ್ತಿರ್ಲಿಲ್ಲ ಕಣೋ. ನಾತ ಹೀರುತ್ತೆ ಅಂತ ನೀನೇ ಕೊಚ್ಕೊಂಡಿದ್ಯಲ್ಲ, ಬಟ್ಟಲಿಗೆ ಹಾಕಿ ಒಳಗಿಟ್ಟೆ."

ಓಡಿದ. ಫ್ರಿಜ್ಜಿನಲ್ಲಿ ಬಟ್ಟಲಿರಲಿಲ್ಲ. ಮುಂದೆ ಸುರಕ್ಷತಾ ಅಧಿಕಾರಿ ಗಸ್ ನಿಂತಿದ್ದ.

"ಹೆಸರು ಬರೀದೇ ಇಟ್ಟಿದ್ದೆಲ್ಲ ಶುಕ್ರವಾರ ಕಸಕ್ಕೆ. ಲಾರಿನೂ ಬಂದು ಹೋಯ್ತು. ನಿನ್ನ ಸ್ಯಾಂಡ್‌ವಿಚ್ ಯಾರೋ ತಿಂದ್ರು ಅಂತ ಆ ನಿಯಮ ಮಾಡಿಸ್ದೋನೇ ನೀನಲ್ವಾ?"

ಗಂಟೆ ಹತ್ತೂವರೆ. ಆರ್ವಲ್‌ಗೆ ಆಗ ನೆನಪಾದದ್ದು ಮನೆಯ ಬೆಕ್ಕು. ನಾತ ಹೀರಲೆಂದು ಅದರ ಕಕ್ಕಸಿನ ತಟ್ಟೆಗೆ ಸುರಿಯುವ ಹರಳೂ ಅದೇ ಜಾತಿಯ ಕಲ್ಲು! ಮನೆಗೆ ಹಾರಿ, ಒಡೆಯದ ಚೀಲ ತಂದು, ಕುಟ್ಟಿ, ಜರಡಿ ಹಿಡಿದು, ಕೊಳವೆಗೆ ತುಂಬಿದ.

ಬಂದವರ ಮುಂದೆ ಯಂತ್ರ ಬಿಸಿಯಾಗತೊಡಗಿತು. ಆರ್ವಲ್ ಕಣ್ಣು ಮುಚ್ಚಿಕೊಂಡ. ತೊಟ್ಟಿಕ್ಕಿದ್ದು ಜೇನಿನ ಬಣ್ಣದ ತಿಳಿ ಎಣ್ಣೆ. ನಾತದ ಸುಳಿವೇ ಇಲ್ಲ!

"ಇಷ್ಟು ಚೊಕ್ಕ ಎಣ್ಣೆ ನಾನು ಕಂಡೇ ಇಲ್ಲ," ಎಂದರು ಕಂಪನಿಯ ಮುಖ್ಯಸ್ಥೆ ಹಾಲ್ವರ್ಸನ್. "ಮುಂದಿನ ತಿಂಗಳಿಗೆ ಈ ಪುಡಿ ಐವತ್ತು ಕಿಲೋ ಮಾಡ್ಕೊಡ್ತೀರಾ?"

ಆರ್ವಲ್‌ನ ಕೈವೇಗದಲ್ಲಿ ಅದಕ್ಕೆ ಎಂಟುನೂರು ವರ್ಷ ಬೇಕಿತ್ತು. ಇನ್ನು ಮುಚ್ಚಿಟ್ಟು ಸುಖವಿಲ್ಲ.

"ಮೇಡಂ... ಅದು ನನ್ನ ಬೆಕ್ಕಿನದು."

ನಡೆದದ್ದನ್ನೆಲ್ಲ ಒದರಿಬಿಟ್ಟ. ಹಾಲ್ವರ್ಸನ್ ಬಿದ್ದು ಬಿದ್ದು ನಕ್ಕರು. "ಭೇಷ್! ಈ ಪ್ರಯೋಗಾಲಯ ಇನ್ನೂ ಐದು ವರ್ಷ ನಡೀಲಿ!"

ಗಸ್ ಆರ್ವಲ್‌ನನ್ನು ಎತ್ತಿ ಕುಣಿಸಿದ. ಕೆಳಗಿಳಿಸುವಷ್ಟರಲ್ಲಿ ಹಾಲ್ವರ್ಸನ್ ಕೇಳುತ್ತಿದ್ದರು: "ಅಂದಹಾಗೆ, ಪುಡಿ ಅಂಗಡೀಲೇ ಚೀಲಗಟ್ಲೆ ಸಿಗುತ್ತೆ ಅಂದ್ಮೇಲೆ, ಮಾಡೋಕಂತ ಒಬ್ಬರು ಯಾಕೆ?"

ಸಂಜೆ ಆರ್ವಲ್ ತನ್ನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬಿದ. ಡೊಲೊರೆಸ್ ಕಣ್ಣೊರೆಸಿಕೊಳ್ಳುತ್ತಾ ಬಂದು ಅದರ ಮೇಲೆ ಒಂದು ಚೀಟಿ ಅಂಟಿಸಿದಳು: ಆರ್ವಲ್ ಪಿಂಕ್ನಿ.

"ಶುಕ್ರವಾರ ಕಣೋ. ಗಸ್ ಇನ್ನೂ ಹೊರಟಿಲ್ಲ."