ಒಳಕವಚದ ಎಲೆಕ್ಟ್ರಾನನ್ನು ಬಿಟ್ಟುಕೊಡಲಾಗದ ಬಗ್ಗೆ

ಇಂದ,
ಆರ್. ಚೂಡಾಮಣಿ, ಬಿ.ಎಸ್ಸಿ., ಬಿ.ಎಡ್.,
ಹಂಗಾಮಿ ವಿಜ್ಞಾನ ಶಿಕ್ಷಕಿ, ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಶಾಲೆ,
ವಾಸ: ನಡುಮನೆ, ಗಾಂಧಿಬಜಾರಿನ ಹಿಂದಿನ ಅಡ್ಡರಸ್ತೆ, ಬಸವನಗುಡಿ.

ಗೆ,
ಶ್ರೀ ರಾಮಸ್ವಾಮಿಯವರು,
ನಿವೃತ್ತ ಕಚೇರಿ ಸೂಪರಿಂಟೆಂಡೆಂಟರು ಹಾಗೂ ಅರ್ಜಿದಾರಳ ತಂದೆ,
ಕ್ಯಾಂಪ್: ಜಗಲಿಯ ಆರಾಮಕುರ್ಚಿ, ಸದರಿ ಮನೆ.

ನವೆಂಬರ್ 1978, ಶುಕ್ರವಾರ

ವಿಷಯ: ಭಾನುವಾರ ವರನ ಕಡೆಯವರ ಮುಂದೆ ಸೋಡಿಯಮ್ಮಿನ ಪರವಾಗಿ ಮಾತಾಡಿದ್ದಕ್ಕೆ ಸಮಜಾಯಿಷಿ ಹಾಗೂ ತಮ್ಮ ಬೀರುವಿನಲ್ಲಿ ಸೆರೆಯಾಗಿರುವ ನನ್ನ ಖಾಯಂ ಕೆಲಸದ ಆರ್ಡರಿನ ಬಿಡುಗಡೆ ಕೋರಿಕೆ.

ಉಲ್ಲೇಖ: 1. ಸೋಮವಾರ ಬೆಳಗ್ಗೆ ನನ್ನ ಕಾಫಿ ಲೋಟದ ಕೆಳಗೆ ಸಿಕ್ಕಿದ ತಮ್ಮ ಮೆಮೊ.
2. ಅಡುಗೆಮನೆಯಿಂದ ಬಂದ ಮೌಖಿಕ ಸೂಚನೆ: "ಅದೇನು ಬರೀಬೇಕೋ ಬರೆದ್ಕೊಟ್ಬಿಡೇ. ಇಲ್ದಿದ್ರೆ ಅವ್ರು ಸರಿಯಾಗಿ ಊಟ ಮಾಡಲ್ಲ."

ಮಾನ್ಯರೇ,

ನಿವೃತ್ತಿಯಾದ ಮೇಲೆ ತಾವು ಈ ಮನೆಯಲ್ಲಿ ಬಾಯಿಮಾತಿನ ಕೋರಿಕೆಯನ್ನು ಸ್ವೀಕರಿಸುವುದಿಲ್ಲವಾದ ಕಾರಣ, ಹಾಲಿನವನನ್ನು ಬದಲಾಯಿಸುವುದಕ್ಕೂ ಅಮ್ಮ ಅರ್ಜಿ ಬರೆದುಕೊಟ್ಟಿರುವ ಕಾರಣ, ನಾನೂ ಬರೆಯುತ್ತಿದ್ದೇನೆ. ಮೆಮೊದಲ್ಲಿ ತಾವು "ಬಾಯಿ ಮುಚ್ಚಿಕೊಂಡು ಕೂರಲು ತಮಗೇನಾಗಿತ್ತು?" ಎಂದು ಕೇಳಿದ್ದೀರಿ. ಹುಟ್ಟಿದಂದಿನಿಂದ ನನ್ನನ್ನು ತಾವು 'ತಮಗೆ' ಎಂದದ್ದು ಇದೇ ಮೊದಲಾದ್ದರಿಂದ ವಿಷಯದ ಗಾಂಭೀರ್ಯ ನನಗೆ ಮನವರಿಕೆಯಾಗಿದೆ. ನಡೆದದ್ದು ಹೀಗೆ:

1. ದೇವರಿಗೂ ಬಂದವರಿಗೂ ಇಡುವ ಮುಂಚೆ ಅಡುಗೆಯ ರುಚಿ ನೋಡಬಾರದೆಂಬುದು ಈ ಮನೆಯ ಹಳೆಯ ಕಟ್ಟಳೆ. ಭಾನುವಾರದ ಉಪ್ಪಿಟ್ಟಿಗೆ ಅಮ್ಮ ಉಪ್ಪು ಹಾಕಿದ್ದಾಳೆಂದು ನಾನೂ, ನಾನು ಹಾಕಿದ್ದೇನೆಂದು ಅಮ್ಮನೂ ನಂಬಿದ್ದೆವು. ನಂಬಿಕೆ ಎರಡು ಕಡೆಯೂ ಗಟ್ಟಿಯಾಗಿತ್ತು. ಉಪ್ಪಿಟ್ಟು ಮಾತ್ರ ಸಪ್ಪೆಯಾಗಿತ್ತು.

2. ಮಲ್ಲೇಶ್ವರದಿಂದ ಬಂದ ವರ, ಬ್ಯಾಂಕಿನ ಶ್ರೀ ಬದರೀನಾರಾಯಣ, ತಲೆ ತಗ್ಗಿಸಿ ಅರ್ಧ ತಟ್ಟೆ ಖಾಲಿ ಮಾಡಿದರು. ಅವರ ತಾಯಿಯವರು ಒಂದು ಚಮಚ ಬಾಯಿಗಿಟ್ಟು ಗೋಡೆ ಗಡಿಯಾರ ನೋಡಿದರು. ಸಂಬಂಧ ತಂದ ಶ್ರೀನಿವಾಸಯ್ಯ ಮಾಮ ಧೈರ್ಯ ಮಾಡಿ "ಒಂಚೂರು ಉಪ್ಪು ಸಿಗತ್ತೇನಮ್ಮಾ?" ಎಂದರು. ನಾನು ಉಪ್ಪಿನ ಜಾಡಿ ತಂದೆ. ವರ ಕೈಯೊಡ್ಡಿದರು. ಕೊಟ್ಟೆ.

3. "ಅಯ್ಯೋ ರಾಮ, ಕೈಗೇ ಕೊಟ್ಬಿಟ್ಯಲ್ಲಮ್ಮ! ಉಪ್ಪು ಕೈಯಿಂದ ಕೈಗೆ ಕೊಟ್ರೆ ಜಗಳ ಆಗತ್ತೆ. ಕೆಳಗಿಡ್ಬೇಕು, ಅವ್ರು ತಗೋಬೇಕು" ಎಂದು ತಾಯಿಯವರು ಎದೆ ಹಿಡಿದುಕೊಂಡರು. ಈ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅದರ ಹಿಂದಿನ ದಿನವಷ್ಟೇ ಒಂಬತ್ತನೇ ಕ್ಲಾಸಿಗೆ ಅಯಾನಿಕ ಬಂಧದ ಪಾಠ ಮಾಡಿದ್ದೆನಾದ ಕಾರಣ ಬಾಯಿ ತಾನಾಗಿಯೇ ತೆರೆಯಿತು. "ಉಪ್ಪು ಹುಟ್ಟಿದ್ದೇ ಹಾಗಲ್ವಾ? ಸೋಡಿಯಮ್ಮಿನ ಹೊರಕವಚದಲ್ಲಿ ಒಂದೇ ಒಂದು ಎಲೆಕ್ಟ್ರಾನು. ಕ್ಲೋರಿನ್ನಿಗೆ ಒಂದು ಕಮ್ಮಿ. ಇದು ಕೊಡತ್ತೆ, ಅದು ತಗೊಳತ್ತೆ. ಕೊಟ್ಟದ್ದು ಧನ ಅಯಾನು, ತಗೊಂಡದ್ದು ಋಣ ಅಯಾನು. ಆ ಸೆಳೆತಕ್ಕೇ ಎರಡೂ ಕಚ್ಚಿಕೊಂಡು ಕೂರತ್ವೆ" ಎಂದೆ.

4. ತಾಯಿಯವರು ದಡ್ಡರಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ನಮ್ಮ ಶಾಲೆಯ ಕೊನೆಯ ಬೆಂಚಿನವರಿಗಿಂತ ಬೇಗ ಹಿಡಿದುಕೊಂಡರು. "ನೋಡು, ನೀನೇ ಹೇಳ್ದೆ. ಸೋಡಿಯಮ್ಮು ತನ್ನದೊಂದು ಬಿಟ್ಕೊಡ್ತು, ಸಂಸಾರ ನಿಂತ್ಕೊಳ್ತು. ಹಾಗೇ ನೀನೂ ಆ ಮೇಷ್ಟ್ರು ಕೆಲ್ಸ ಬಿಟ್ಬಿಡು" ಎಂದರು. ತಾವು ತಕ್ಷಣ ತಲೆಯಾಡಿಸಿದಿರಿ. ಆ ತಲೆಯಾಟ ನನಗೆ ಕಂಡಿತು.

5. ಆಗ ನಾನು ಆಡಿದ ಮಾತೇ ಮೆಮೊದಲ್ಲಿ ತಾವು ಕೆಂಪು ಗೆರೆ ಎಳೆದಿರುವ ಮಾತು. ಸೋಡಿಯಂ ಕೊಡುವುದು ಹೊರಕವಚದ ಒಂಟಿ ಎಲೆಕ್ಟ್ರಾನನ್ನು. ಅದು ಹೋದ ಮೇಲೆ ಒಳಗೆ ಎಂಟು ತುಂಬಿದ ಕವಚ ಉಳಿಯುತ್ತದೆ. ಅದರಿಂದ ಇನ್ನೊಂದನ್ನು ಕೇಳಿದರೆ ಕ್ಲೋರಿನ್ ಅಲ್ಲ, ಕ್ಲೋರಿನ್ನಿನ ತಾಯಿ ಬಂದರೂ ಕೊಡುವುದಿಲ್ಲ. (ಈ ಕೊನೆಯ ಪದಗಳಿಗೆ ಮಾತ್ರ ಕ್ಷಮೆ ಕೋರುತ್ತೇನೆ. ಉಳಿದದ್ದು ಪಠ್ಯಪುಸ್ತಕದಲ್ಲಿದೆ.) ಇನಿಷಿಯಲ್ಲು, ಮನೆ, ಬಡಾವಣೆ, ಸಾರಿನ ರುಚಿ, ಇವೆಲ್ಲ ನನ್ನ ಹೊರಕವಚ, ಧಾರಾಳವಾಗಿ ಕೊಡುತ್ತೇನೆ. ಕೆಲಸ ಒಳಗಿನದು.

6. ಅದನ್ನು ಒಳಗಿಟ್ಟವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅವೆನ್ಯೂ ರಸ್ತೆಯಲ್ಲಿ ರಟ್ಟು ಹರಿದ ರಸಾಯನಶಾಸ್ತ್ರದ ಪುಸ್ತಕವನ್ನು ಚೌಕಾಸಿ ಮಾಡಿ ತಂದವರು ತಾವು. ಮೈದಾಹಿಟ್ಟಿನ ಅಂಟು ಕಾಯಿಸಿ, ಕಚೇರಿಯ ಹಳೇ ಫೈಲಿನ ರಟ್ಟು ಹಾಕಿ, "ತಗೋ, ನಂಗಿದು ಅರ್ಥ ಆಗಲ್ಲ, ನಿಂಗಾಗತ್ತೆ" ಎಂದವರು ತಾವು. ಆದ್ದರಿಂದ ಈ ಪ್ರಕರಣದಲ್ಲಿ ತಾವೂ ಸಹ ಆರೋಪಿ ಎಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ. ಅಪ್ಪಾ, ನನಗೆ ಆ ಕ್ಲಾಸೆಂದರೆ ಪ್ರಾಣ. ಬೋರ್ಡಿನ ಮೇಲೆ ಎರಡು ವೃತ್ತ ಬರೆದು ಬಾಣ ಎಳೆದಾಗ ಯಾವಳೋ ಒಬ್ಬಳು "ಓ!" ಎನ್ನುತ್ತಾಳೆ. ಅದನ್ನು ಬಿಟ್ಟು ನನಗೆ ಬದುಕಲು ಬರುವುದಿಲ್ಲ.

7. ಅಯಾನಿಕ ಸಂಯುಕ್ತಗಳ ಗುಣಗಳ ಬಗ್ಗೆ. ಉಪ್ಪಿನ ಹರಳು ಕಾಯಿಸಿದ ಮಾತ್ರಕ್ಕೆ ಕರಗಿ ಹರಿಯುವಂಥದ್ದಲ್ಲ. ಮನೆಯ ಒಲೆಯ ಉರಿ ಅದಕ್ಕೆ ಸಾಲದು. ಅಷ್ಟು ಗಟ್ಟಿಯಾದರೂ ಒಂದೇ ಏಟಿಗೆ ಒಡೆಯುತ್ತದೆ. ಏಟು ಬಿದ್ದಾಗ ಪದರ ಒಂಚೂರು ಜರುಗಿ, ಧನದೆದುರು ಧನ, ಋಣದೆದುರು ಋಣ ಬಂದು, ಇಷ್ಟು ಹೊತ್ತು ಅಪ್ಪಿಕೊಂಡಿದ್ದವೇ ಒಂದನ್ನೊಂದು ದೂರ ತಳ್ಳುತ್ತವೆ. ತಾವು ಎಲ್ಲರೆದುರು "ಏಯ್, ಸಾಕು ನಿಲ್ಸು. ನಿನ್ನ ಪಾಠ ಇಲ್ಲಿ ಯಾರಿಗ್ಬೇಕು" ಎಂದಿರಿ. ಆ ಏಟಿನಿಂದ ನನಗೆ ಬಹಳ ನೋವಾಯಿತು.

8. ಒಣ ಉಪ್ಪಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಅಯಾನುಗಳೇನೋ ಇರುತ್ತವೆ, ಕೂತಲ್ಲಿಂದ ಕದಲುವುದಿಲ್ಲ. ಭಾನುವಾರದಿಂದ ನಮ್ಮ ಮನೆಯೂ ಹೀಗೇ ಇದೆ. ತಾವು ಜಗಲಿಯಲ್ಲಿ, ನಾನು ನಡುಮನೆಯಲ್ಲಿ, ಅಮ್ಮ ಅಡುಗೆಮನೆಯಲ್ಲಿ. ನೀರಿಗೆ ಹಾಕಿದರೆ ಅವು ಓಡಾಡಿ ಬಲ್ಬು ಹತ್ತುತ್ತದೆ. ನಿನ್ನೆ ಸಂಜೆ ಅಮ್ಮ ತರಕಾರಿ ಹೆಚ್ಚುತ್ತಾ ಕೂತು ಕಣ್ಣು ಒರೆಸಿಕೊಂಡಳು. ಹೆಚ್ಚುತ್ತಿದ್ದದ್ದು ಬದನೆಕಾಯಿ. ಬದನೆಕಾಯಿಗೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ.

9. ಮುಚ್ಚಿಡಬಾರದಾದ ಕಾರಣ ಇದನ್ನೂ ತಿಳಿಸುತ್ತೇನೆ. ಬುಧವಾರ ಶಾಲೆ ಬಿಟ್ಟಾಗ ಗೇಟಿನ ಬಳಿ ಶ್ರೀ ಬದರೀನಾರಾಯಣ ನಿಂತಿದ್ದರು. ಮಕ್ಕಳೆಲ್ಲ ನೋಡುತ್ತಿದ್ದರು. "ಅಲ್ಲಾ ಮೇಡಂ, ಒಂದು ಡೌಟು. ಎಲ್ಲ ಸೋಡಿಯಮ್ಮೇ ಬಿಡ್ಬೇಕಾ? ಕ್ಲೋರಿನ್ನು ಏನೂ ಬಿಡಲ್ವಾ?" ಎಂದು ಕೇಳಿದರು.

"ಬಿಡತ್ತೆ. ಬಂಧ ಆದ್ಮೇಲೆ ತನ್ನ ಘಾಟು ಬಿಡತ್ತೆ. ಇಲ್ದಿದ್ರೆ ಉಪ್ಪು ಯಾರೂ ತಿಂತಿರ್ಲಿಲ್ಲ" ಎಂದೆ.

ಅವರು ಅಂಗಿಯ ಜೇಬಿನಿಂದ ಸಿಗರೇಟು ಪ್ಯಾಕೆಟ್ಟು ತೆಗೆದು ನನ್ನ ಕೈಗೇ ಕೊಟ್ಟರು. "ನೀವು ಕೆಲ್ಸ ಇಟ್ಕೊಳಿ. ಅಮ್ಮಂಗೆ ನಾನು ಹೇಳ್ತೀನಿ. ಅವ್ರೂ ಪಕ್ಕದ್ಮನೆಯವ್ರಿಗೆಲ್ಲ ಸೋಡಿಯಮ್ಮಿನ ಪಾಠ ಮಾಡ್ತಿದಾರೆ" ಎಂದು ಬಸ್ಸು ಹತ್ತಿದರು. ಮನುಷ್ಯ ಒಳ್ಳೆಯವರೆಂದು ನನಗನ್ನಿಸಿದೆ. ಸಪ್ಪೆ ಉಪ್ಪಿಟ್ಟು ತಿಂದಾಗಲೇ ಅನ್ನಿಸಿತ್ತು.

ಆದರೆ ಅವರು ಒಪ್ಪಿದರೆ ಸಾಲದು. ಖಾಯಂ ಆರ್ಡರಿನ ಅಸಲು ಪ್ರತಿಯೊಂದಿಗೆ ಸೋಮವಾರ ಶಾಲೆಯಲ್ಲಿ ಹಾಜರಾಗದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತದೆ. ಅಸಲು ತಮ್ಮ ಬೀರುವಿನಲ್ಲಿದೆ. ಬೀಗದ ಕೈ ತಮ್ಮ ಜನಿವಾರದಲ್ಲಿದೆ.

ಆದ್ದರಿಂದ ಮೇಲ್ಕಂಡ ಎಲ್ಲ ಕಾರಣಗಳಿಂದ ಸದರಿ ಆರ್ಡರನ್ನು ಬಿಡುಗಡೆ ಮಾಡಬೇಕಾಗಿಯೂ, ಮಲ್ಲೇಶ್ವರದವರನ್ನು ಮತ್ತೊಮ್ಮೆ ಉಪ್ಪಿಟ್ಟಿಗೆ ಕರೆಯಬೇಕಾಗಿಯೂ, ಆ ದಿನದ ಮಟ್ಟಿಗೆ ರುಚಿ ನೋಡಲು ಅಮ್ಮನಿಗೆ ವಿಶೇಷ ಅನುಮತಿ ನೀಡಬೇಕಾಗಿಯೂ ಕೋರುತ್ತೇನೆ.

ತಮ್ಮ ವಿಶ್ವಾಸಿ, ತಾವೇ ರಟ್ಟು ಹಾಕಿ ಬೆಳೆಸಿದ,
ಚೂಡಾಮಣಿ

ಅಡಕ: 1. ರಸಾಯನಶಾಸ್ತ್ರದ ಪುಸ್ತಕ, ರಟ್ಟು ಸಮೇತ (ನೋಡಿ ಹಿಂದಿರುಗಿಸುವುದು).
2. ಸಿಗರೇಟು ಪ್ಯಾಕೆಟ್ಟು, ಎರಡನೇ ಪಕ್ಷದವರು ಸ್ವಇಚ್ಛೆಯಿಂದ ಒಪ್ಪಿಸಿದ್ದು (ಹಿಂದಿರುಗಿಸಬಾರದು).

ಪ್ರತಿ: ಶ್ರೀಮತಿ ಕಾವೇರಮ್ಮ, ಅಡುಗೆಮನೆ, ಮಾಹಿತಿಗಾಗಿ. (ಅವರು ಕದ್ದು ಓದಿಯಾಗಿದೆ.)

ವಿ.ಸೂ.: ಇವತ್ತಿನ ರಾತ್ರಿಯ ಸಾರಿಗೆ ಉಪ್ಪು ಹಾಕಿಲ್ಲ. ಈ ಬಾರಿ ಮರೆತದ್ದಲ್ಲ. ಊಟಕ್ಕೆ ಕೂತಾಗ ಜಾಡಿ ಹಿಡಿದು ಪಕ್ಕದಲ್ಲೇ ನಿಂತಿರುತ್ತೇನೆ. ತಾವು ಕೆಳಗಿಡು ಎಂದರೆ ಅರ್ಜಿ ತಿರಸ್ಕೃತವೆಂದು ತಿಳಿದು ಕೆಳಗಿಡುತ್ತೇನೆ. ಕೈಯೊಡ್ಡಿದರೆ ಅದನ್ನೇ ಮಂಜೂರಾತಿಯೆಂದು ಭಾವಿಸಲಾಗುವುದು, ಮೆಮೊ ಬೇಕಿಲ್ಲ.